ಅಪರೂಪದ ಒಂದು ಪ್ರಕರಣವನ್ನು ನಂಬಿ ಚಿಕಿತ್ಸೆಯ ಕ್ರಮವನ್ನು ಬದಲಿಸಬಹುದೇ?

ಪ್ರಶ್ನೆ: ತುರ್ತು ವೈದ್ಯಕೀಯ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ಈಚೆಗೆ ನನ್ನ ರಾತ್ರಿ ಪಾಳಿಯಲ್ಲಿ ಒಬ್ಬ ಯುವಕನನ್ನು ಕರೆತಂದಿದ್ದರು. ತುಟಿ ಮತ್ತು ಉಗುರುಗಳು ನೀಲಿಗಟ್ಟಿದ್ದವು. ಪಲ್ಸ್ ಆಕ್ಸಿಮೀಟರ್ ಶೇ. 85 ಎಂದು ತೋರಿಸುತ್ತಿತ್ತು, ಮಾಸ್ಕ್ ಹಾಕಿ ಪೂರ್ಣ ಪ್ರಮಾಣದಲ್ಲಿ ಆಮ್ಲಜನಕ ಕೊಟ್ಟರೂ ಆ ಅಂಕಿ ಕದಲಲಿಲ್ಲ. ಆದರೆ ಆತ ಸಲೀಸಾಗಿ ಮಾತನಾಡುತ್ತಿದ್ದ, ಎದೆಯ ಎಕ್ಸ್‌ರೇಯಲ್ಲಿ ದೋಷವೇನೂ ಇರಲಿಲ್ಲ. ಅಪಧಮನಿಯಿಂದ ತೆಗೆದ ರಕ್ತ ಸಿರಿಂಜಿನಲ್ಲಿ ಚಾಕೊಲೇಟ್ ಬಣ್ಣಕ್ಕಿರುವುದನ್ನು ಕಂಡ ಕೂಡಲೇ ನಮ್ಮ ಹಿರಿಯ ವೈದ್ಯೆ ಮೆಥೆಮೋಗ್ಲೋಬಿನೀಮಿಯಾ (ಆಮ್ಲಜನಕ ಹೊರಲಾರದ ಬಗೆಯ ಹಿಮೋಗ್ಲೋಬಿನ್ ರಕ್ತದಲ್ಲಿ ಹೆಚ್ಚಾಗುವ ಸ್ಥಿತಿ) ಎಂದು ಗುರುತಿಸಿದರು. ವಿಚಾರಿಸಿದಾಗ, ಚರ್ಮದ ಕಾಯಿಲೆಗಾಗಿ ಆತ ಡ್ಯಾಪ್ಸೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದನೆಂದು ತಿಳಿಯಿತು. ಅದಕ್ಕೆ ಮದ್ದಾದ ಮೆಥಿಲೀನ್ ಬ್ಲೂ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ನೀಲಿ ಬಣ್ಣ ತಿಳಿಯಾಯಿತು.

ಇದನ್ನು ಕೇಸ್ ರಿಪೋರ್ಟ್ ಆಗಿ ಬರೆಯಬೇಕೆಂಬುದು ನನ್ನ ಆಸೆ. ಆದರೆ ಸಹಪಾಠಿಯೊಬ್ಬರು, ಸಾಕ್ಷ್ಯದ ಶ್ರೇಣಿಯಲ್ಲಿ (ಯಾವ ಬಗೆಯ ಅಧ್ಯಯನವನ್ನು ಎಷ್ಟು ನಂಬಬೇಕೆಂಬ ಕ್ರಮದಲ್ಲಿ) ಒಂಟಿ ಪ್ರಕರಣಗಳಿಗೆ ತೀರಾ ಕೆಳಗಿನ ಸ್ಥಾನವಿರುವುದರಿಂದ ಅದಕ್ಕೆ ಸಮಯ ವ್ಯಯಿಸುವುದು ವ್ಯರ್ಥವೆನ್ನುತ್ತಾರೆ. ಇನ್ನೊಬ್ಬರು ಇದಕ್ಕೆ ತದ್ವಿರುದ್ಧವಾಗಿ, ನಾರ್ವೆಯಲ್ಲಿ ಮಂಜುಗಡ್ಡೆಯ ನೀರಿಗೆ ಬಿದ್ದು ದೇಹದ ತಾಪಮಾನ 13.7 ಡಿಗ್ರಿಗೆ ಇಳಿದರೂ ಬದುಕಿದ ಸ್ವೀಡನ್ನಿನ ವೈದ್ಯೆಯ ಉದಾಹರಣೆ ಕೊಟ್ಟು, ಅಂಥ ಒಂದೇ ಪ್ರಕರಣ ಸಾವಿರ ಅಂಕಿಅಂಶಗಳಿಗಿಂತ ಹೆಚ್ಚಿನದನ್ನು ಕಲಿಸುತ್ತದೆ ಎನ್ನುತ್ತಾರೆ. ಅಪರೂಪದ ಪ್ರಕರಣಕ್ಕೆ ಸಂಶೋಧನೆಯಲ್ಲಿ ನಿಜವಾಗಿ ಇರುವ ಸ್ಥಾನವೇನು? ರೋಗಿಗೆ ಪ್ರಜ್ಞೆಯೇ ಇಲ್ಲದ, ನಿಮಿಷಗಳ ಲೆಕ್ಕದಲ್ಲಿ ನಿರ್ಧಾರ ಮಾಡಬೇಕಾದ ನಮ್ಮ ವಿಭಾಗದಲ್ಲಿ ದೊಡ್ಡ ಪ್ರಯೋಗಗಳನ್ನು ನಡೆಸುವುದೇ ಕಷ್ಟವಾಗಿರುವಾಗ, ಕಣ್ಣೆದುರಿಗೆ ಫಲ ಕೊಟ್ಟ ಚಿಕಿತ್ಸೆಯನ್ನು ಮುಂದಿನ ರೋಗಿಗೂ ಕೊಡುವುದರಲ್ಲಿ ತಪ್ಪೇನು? ಅನುಭವಸ್ಥರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ಹಿರಿಯ ತುರ್ತು ಚಿಕಿತ್ಸಾ ತಜ್ಞೆ

ನಿಮ್ಮ ರೋಗಿಯ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಮೊದಲ ಪ್ರಶ್ನೆಯ ಉತ್ತರ ಬಹುಪಾಲು ಆ ಶೇ. 85ರಲ್ಲೇ ಇದೆ. ಸಾಮಾನ್ಯ ಪಲ್ಸ್ ಆಕ್ಸಿಮೀಟರ್ ಬೆರಳಿನ ಮೂಲಕ ಎರಡು ಬಗೆಯ ಬೆಳಕನ್ನಷ್ಟೇ ಹಾಯಿಸುತ್ತದೆ: ಸುಮಾರು 660 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕು ಮತ್ತು ಸುಮಾರು 940 ನ್ಯಾನೊಮೀಟರಿನ ಅವಕೆಂಪು ಬೆಳಕು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಅದನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಈ ಎರಡು ಬೆಳಕುಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಹೀರುತ್ತವೆ, ಆ ಅನುಪಾತದಿಂದಲೇ ಉಪಕರಣ ಶೇಕಡಾವಾರು ಅಂಕಿಯನ್ನು ಲೆಕ್ಕ ಹಾಕುತ್ತದೆ. ಕಬ್ಬಿಣದ ಅಂಶ ಫೆರಸ್ ಸ್ಥಿತಿಯಿಂದ ಫೆರಿಕ್ ಸ್ಥಿತಿಗೆ ಹೋದಾಗ ಉಂಟಾಗುವ ಮೆಥೆಮೋಗ್ಲೋಬಿನ್ ಮಾತ್ರ ಎರಡನ್ನೂ ಹೆಚ್ಚುಕಡಿಮೆ ಸಮನಾಗಿ ಹೀರುತ್ತದೆ. ಅನುಪಾತ ಒಂದರ ಹತ್ತಿರ ಬಂದಾಗ ಉಪಕರಣ ತೋರಿಸುವ ಅಂಕಿ ಸುಮಾರು 85. ಅಂದರೆ ನೀವು ಪರದೆಯ ಮೇಲೆ ನೋಡಿದ್ದು ರೋಗಿಯ ಆಮ್ಲಜನಕದ ಮಟ್ಟವನ್ನಲ್ಲ. ಮೆಥೆಮೋಗ್ಲೋಬಿನ್ ಇನ್ನಷ್ಟು ಏರಿ ರೋಗಿ ಇನ್ನಷ್ಟು ಅಪಾಯಕ್ಕೆ ಸಿಲುಕಿದರೂ ಆ ಅಂಕಿ ಅಲ್ಲೇ ನಿಂತಿರಬಹುದು.

ಎಬಿಜಿ (ಅಪಧಮನಿಯ ರಕ್ತದ ಅನಿಲಗಳ ಪರೀಕ್ಷೆ) ವರದಿಯಲ್ಲಿ ಆಮ್ಲಜನಕದ ಒತ್ತಡ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಅದು ರಕ್ತದ್ರವದಲ್ಲಿ ಕರಗಿದ ಆಮ್ಲಜನಕದ ಅಳತೆ. ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರೆಬೇರೆಯಾಗಿ ಅಳೆಯುವ ಕೋ-ಆಕ್ಸಿಮೀಟರ್ ಇದ್ದರೆ ಮಾತ್ರ ಸಂಗತಿ ಖಚಿತವಾಗುತ್ತದೆ. ಅದು ಬರುವವರೆಗೆ ಬಿಳಿಯ ಫಿಲ್ಟರ್ ಪೇಪರಿನ ಮೇಲೆ ಒಂದು ಹನಿ ರಕ್ತ ಹಾಕಿ ನೋಡಬಹುದು. ಆಮ್ಲಜನಕದ ಕೊರತೆಯಿಂದ ಕಪ್ಪಾದ ರಕ್ತ ಗಾಳಿ ತಾಗಿದಂತೆ ಕೆಂಪಾಗುತ್ತದೆ, ಮೆಥೆಮೋಗ್ಲೋಬಿನ್ ತುಂಬಿದ ರಕ್ತ ಕಂದಾಗಿಯೇ ಉಳಿಯುತ್ತದೆ. ಮೆಥಿಲೀನ್ ಬ್ಲೂವನ್ನು ಪ್ರತಿ ಕಿಲೋ ತೂಕಕ್ಕೆ 1ರಿಂದ 2 ಮಿಲಿಗ್ರಾಂ ಲೆಕ್ಕದಲ್ಲಿ ಸುಮಾರು ಐದು ನಿಮಿಷಗಳಲ್ಲಿ ಕೊಡುತ್ತೇವೆ. ಕೊಟ್ಟ ಕೂಡಲೇ ಆಕ್ಸಿಮೀಟರಿನ ಅಂಕಿ ಇನ್ನೂ ಕೆಳಗಿಳಿದರೆ ಗಾಬರಿಯಾಗಬಾರದು, ಆ ನೀಲಿ ಬಣ್ಣವೇ ಕೆಂಪು ಬೆಳಕನ್ನು ಹೀರುತ್ತಿರುತ್ತದೆ. ಇದು ಗೊತ್ತಿಲ್ಲದೆ ಔಷಧ ಸಾಲದೆಂದು ಮತ್ತೆ ಮತ್ತೆ ಕೊಟ್ಟರೆ, ಅತಿಯಾದ ಮೆಥಿಲೀನ್ ಬ್ಲೂ ತಾನೇ ಮೆಥೆಮೋಗ್ಲೋಬಿನ್ ಹೆಚ್ಚಿಸಬಲ್ಲದು. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಸೆರೊಟೋನಿನ್ ಹೆಚ್ಚಿಸುವ ಖಿನ್ನತೆಯ ಔಷಧ ಸೇವಿಸುವವರಲ್ಲಿ ಸೆರೊಟೋನಿನ್ ಸಿಂಡ್ರೋಮ್ (ಸೆರೊಟೋನಿನ್ ಅತಿಯಾಗಿ ಆಗುವ ಅಪಾಯಕರ ಸ್ಥಿತಿ) ತರಬಹುದು. ಡ್ಯಾಪ್ಸೋನ್ ದೇಹದಲ್ಲಿ ಬಹಳ ಹೊತ್ತು ಉಳಿಯುವುದರಿಂದ ಮೊದಲ ಡೋಸಿಗೆ ತಿಳಿಯಾದ ರೋಗಿ ಕೆಲವು ಗಂಟೆಗಳ ನಂತರ ಮತ್ತೆ ನೀಲಿಗಟ್ಟುವುದುಂಟು. ಅವರನ್ನು ಬೇಗ ಮನೆಗೆ ಕಳುಹಿಸಬಾರದು.

ಇವೆಲ್ಲವೂ ತಿಳಿದಿರುವ ಸಂಗತಿಗಳು. ಆದ್ದರಿಂದ ಡ್ಯಾಪ್ಸೋನಿನಿಂದ ಮೆಥೆಮೋಗ್ಲೋಬಿನೀಮಿಯಾ ಬಂತು, ಮೆಥಿಲೀನ್ ಬ್ಲೂ ಕೊಟ್ಟೆವು, ವಾಸಿಯಾಯಿತು ಎಂಬಷ್ಟೇ ಬರಹವನ್ನು ಒಳ್ಳೆಯ ಪತ್ರಿಕೆ ಸ್ವೀಕರಿಸುವುದಿಲ್ಲ, ಸ್ವೀಕರಿಸಬೇಕಾಗಿಯೂ ಇಲ್ಲ. ರೋಗನಿರ್ಣಯಕ್ಕೆ ಮೊದಲು ಯಾವ ಸುಳಿವು ನಿಮ್ಮನ್ನು ದಾರಿ ತಪ್ಪಿಸಿತು, ಯಾವ ಸುಳಿವು ಸರಿದಾರಿಗೆ ತಂದಿತು ಎಂಬುದನ್ನು ಸಮಯಸಹಿತ ಬರೆದರೆ ಅದು ಓದುವವರಿಗೆ ಉಪಯೋಗಕ್ಕೆ ಬರುತ್ತದೆ. ಅಪರೂಪದ ಪ್ರಕರಣ ನಮಗೆ ನೋಡುವುದನ್ನು ಕಲಿಸುತ್ತದೆ. 1992ರಲ್ಲಿ ಹೃದ್ರೋಗ ತಜ್ಞರಾದ ಬ್ರುಗಾಡಾ ಸಹೋದರರು ಕೇವಲ ಎಂಟು ರೋಗಿಗಳ ವಿವರವನ್ನು ಪ್ರಕಟಿಸಿದರು: ಹೃದಯದ ರಚನೆಯಲ್ಲಿ ದೋಷವಿಲ್ಲ, ಆದರೂ ಇಸಿಜಿಯ ಬಲಭಾಗದ ಎದೆಯ ಲೀಡ್‌ಗಳಲ್ಲಿ ಎಸ್‌ಟಿ ಭಾಗ ಮೇಲೆದ್ದಿದೆ ಮತ್ತು ಹೃದಯ ಹಠಾತ್ತನೆ ನಿಂತಿದೆ. ಇಂದು ಪ್ರಜ್ಞೆ ತಪ್ಪಿ ಬಿದ್ದ ಯುವಕನ ಇಸಿಜಿ ಕೈಗೆ ಬಂದಾಗ ವಿ1 ಮತ್ತು ವಿ2 ಲೀಡ್‌ಗಳತ್ತ ಕಣ್ಣು ಹಾಯಿಸದ ತುರ್ತು ವೈದ್ಯರು ಇರಲಾರರು.

ಉತ್ತರ 2: ಚಿಕಿತ್ಸಾ ಪ್ರಯೋಗಗಳಲ್ಲಿ ಕೆಲಸ ಮಾಡುವ ವೈದ್ಯ

ಮೇಡಂ ಹೇಳಿದ್ದು ರೋಗವನ್ನು ಗುರುತಿಸುವ ಮಾತು. ನಿಮ್ಮ ಎರಡನೆಯ ಪ್ರಶ್ನೆ ಚಿಕಿತ್ಸೆಗೆ ಸಂಬಂಧಿಸಿದ್ದು, ಅಲ್ಲಿ ಕಣ್ಣೆದುರಿನ ಫಲವನ್ನು ನಂಬುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಫೀಸ್ಟ್ ಎಂಬ ಪ್ರಯೋಗಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ತೀವ್ರ ಜ್ವರದಿಂದ ನರಳುತ್ತಾ, ಕೈಕಾಲು ತಣ್ಣಗಾಗಿ, ನಾಡಿ ಕ್ಷೀಣಿಸಿ ಬರುವ ಮಗುವಿಗೆ ಕೂಡಲೇ ರಕ್ತನಾಳದ ಮೂಲಕ ಸಲೈನನ್ನು ವೇಗವಾಗಿ ಹರಿಸಬೇಕೆಂಬುದು ದಶಕಗಳ ಕಾಲ ಪ್ರಶ್ನಾತೀತವಾಗಿದ್ದ ಪಾಠ. ಕೀನ್ಯಾ, ಉಗಾಂಡ ಮತ್ತು ಟಾಂಜಾನಿಯಾದ ಆಸ್ಪತ್ರೆಗಳಲ್ಲಿ ಈ ಪಾಠವನ್ನು ಪರೀಕ್ಷೆಗೆ ಒಡ್ಡಲಾಯಿತು. 3,141 ಮಕ್ಕಳನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಸಲೈನನ್ನೂ ಒಂದು ಗುಂಪಿಗೆ ಆಲ್ಬುಮಿನ್ ದ್ರಾವಣವನ್ನೂ ವೇಗವಾಗಿ ಕೊಟ್ಟರು, ಮೂರನೆಯ ಗುಂಪಿಗೆ ಹಾಗೆ ವೇಗವಾಗಿ ಕೊಡದೆ ನಿಧಾನಗತಿಯ ಡ್ರಿಪ್ ಮಾತ್ರ ಹಾಕಿದರು. ಪ್ರತಿಜೀವಕ, ಮಲೇರಿಯಾ ಔಷಧ, ರಕ್ತ, ಇತರ ಆರೈಕೆ ಎಲ್ಲರಿಗೂ ಸಮಾನವಾಗಿತ್ತು. 2011ರಲ್ಲಿ ಫಲಿತಾಂಶ ಪ್ರಕಟವಾದಾಗ, 48 ಗಂಟೆಗಳೊಳಗೆ ಸತ್ತವರ ಪ್ರಮಾಣ ಆಲ್ಬುಮಿನ್ ಗುಂಪಿನಲ್ಲಿ ಶೇ. 10.6, ಸಲೈನ್ ಗುಂಪಿನಲ್ಲಿ ಶೇ. 10.5, ವೇಗವಾಗಿ ದ್ರವ ಪಡೆಯದ ಗುಂಪಿನಲ್ಲಿ ಶೇ. 7.3 ಇತ್ತು. ಜೀವ ಉಳಿಸುತ್ತದೆಂದು ನಂಬಿದ್ದ ಚಿಕಿತ್ಸೆಯಿಂದ ಪ್ರತಿ ನೂರು ಮಕ್ಕಳಲ್ಲಿ ಸುಮಾರು ಮೂವರು ಹೆಚ್ಚಾಗಿ ಸತ್ತಿದ್ದರು, ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು.

ಇದರಲ್ಲಿ ನನ್ನನ್ನು ಇಂದಿಗೂ ಕಾಡುವ ಅಂಶ ಇನ್ನೊಂದಿದೆ. ನಂತರದ ವಿಶ್ಲೇಷಣೆಯಲ್ಲಿ ಕಂಡುಬಂದಂತೆ, ವೇಗವಾಗಿ ದ್ರವ ಪಡೆದ ಮಕ್ಕಳಲ್ಲಿ ಮೊದಲ ಗಂಟೆಯಲ್ಲಿ ಆಘಾತದ (ರಕ್ತಪರಿಚಲನೆ ಕುಗ್ಗುವ ಸ್ಥಿತಿಯ) ಲಕ್ಷಣಗಳು ಮೂರನೆಯ ಗುಂಪಿಗಿಂತ ಹೆಚ್ಚು ಮಂದಿಯಲ್ಲಿ ಕಡಿಮೆಯಾಗಿದ್ದವು. ಹಾಸಿಗೆಯ ಪಕ್ಕದಲ್ಲಿ ನಿಂತ ಪ್ರಾಮಾಣಿಕ, ದಕ್ಷ ವೈದ್ಯ ಏನನ್ನು ನೋಡುತ್ತಾನೆ? ತಣ್ಣಗಿದ್ದ ಕೈ ಬೆಚ್ಚಗಾಗುವುದನ್ನು, ಉಗುರು ಒತ್ತಿ ಬಿಟ್ಟಾಗ ಬಣ್ಣ ಬೇಗ ಮರಳುವುದನ್ನು. ಆತ ನೋಡಿದ್ದು ಸುಳ್ಳಲ್ಲ. ಆದರೆ ಅದೇ ಮಗುವಿನ ರಕ್ತಪರಿಚಲನೆ ಕೆಲವು ಗಂಟೆಗಳ ನಂತರ ಕುಸಿದಾಗ, ರೋಗದ ತೀವ್ರತೆಯೇ ಅದಕ್ಕೆ ಕಾರಣವೆಂದು ಯಾರಿಗಾದರೂ ಅನ್ನಿಸುತ್ತದೆ. ಚೀಟಿ ಎತ್ತಿ ಹೋಲಿಸುವ ಇನ್ನೊಂದು ಗುಂಪು ಇಲ್ಲದೆ ಜಗತ್ತಿನ ಯಾವ ವೈದ್ಯನಿಗೂ ಈ ವ್ಯತ್ಯಾಸ ಕಾಣಲು ಸಾಧ್ಯವಿರಲಿಲ್ಲ. (ಈ ಫಲಿತಾಂಶವನ್ನು ವಾಂತಿಭೇದಿಯಿಂದ ನೀರು ಕಳೆದುಕೊಂಡ ಮಗುವಿಗೆ ಅನ್ವಯಿಸಬಾರದು, ಅಂಥ ಮಕ್ಕಳನ್ನು ಪ್ರಯೋಗಕ್ಕೆ ಸೇರಿಸಿರಲೇ ಇಲ್ಲ. ತೀವ್ರ ನಿಗಾ ಘಟಕದ ಸೌಲಭ್ಯವಿರುವ ಕಡೆ ಇದನ್ನು ಎಷ್ಟರಮಟ್ಟಿಗೆ ಅನ್ವಯಿಸಬಹುದೆಂಬ ಚರ್ಚೆ ಇನ್ನೂ ಮುಗಿದಿಲ್ಲ.)

ತಲೆಗೆ ಪೆಟ್ಟಾದವರಿಗೆ ಮಿದುಳಿನ ಊತ ತಗ್ಗಿಸಲೆಂದು ಸ್ಟೀರಾಯ್ಡ್ ಕೊಡುತ್ತಿದ್ದ ಪದ್ಧತಿಯದೂ ಇದೇ ಕಥೆ. 10,008 ರೋಗಿಗಳನ್ನು ಒಳಗೊಂಡ ಕ್ರ್ಯಾಶ್ ಪ್ರಯೋಗ 2004ರಲ್ಲಿ ಪ್ರಕಟವಾದಾಗ, ಎರಡು ವಾರಗಳಲ್ಲಿ ಸತ್ತವರು ಸ್ಟೀರಾಯ್ಡ್ ಗುಂಪಿನಲ್ಲಿ ಶೇ. 21.1, ಹೋಲಿಕೆಯ ಗುಂಪಿನಲ್ಲಿ ಶೇ. 17.9. ಅದೇ ತಂಡದ ಮುಂದಿನ ಪ್ರಯೋಗ 20,211 ಗಾಯಾಳುಗಳಲ್ಲಿ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಸಾವನ್ನು ಶೇ. 16.0ರಿಂದ 14.5ಕ್ಕೆ ಇಳಿಸುತ್ತದೆಂದು 2010ರಲ್ಲಿ ತೋರಿಸಿತು. ಒಂದೂವರೆ ಶೇಕಡದ ಈ ವ್ಯತ್ಯಾಸ ಯಾವ ಒಬ್ಬ ವೈದ್ಯನ ಜೀವಮಾನದ ಅನುಭವಕ್ಕೂ ನಿಲುಕುವುದಿಲ್ಲ. ಮೂರು ಗಂಟೆಗಳೊಳಗೆ ಕೊಟ್ಟರೆ ಉಪಯೋಗ, ಅದರ ನಂತರ ಕೊಟ್ಟರೆ ರಕ್ತಸ್ರಾವದಿಂದ ಸಾಯುವ ಸಂಭವ ಹೆಚ್ಚು ಎಂಬ ಸಂಗತಿಯಂತೂ ಆ ಸಂಖ್ಯೆಗಳಿಲ್ಲದೆ ಹೊರಬೀಳುತ್ತಲೇ ಇರಲಿಲ್ಲ.

ಇನ್ನೊಂದು ಮಾತು. ಹೊಸ ಚಿಕಿತ್ಸೆ ಕೊಟ್ಟು ಬದುಕಿದವರ ಕಥೆಯನ್ನು ಬರೆಯುತ್ತಾರೆ, ಅದೇ ಚಿಕಿತ್ಸೆ ಪಡೆದು ಸತ್ತವರ ಕಥೆಯನ್ನು ಬರೆಯುವವರು ತೀರಾ ವಿರಳ. ಪ್ರಕಟವಾದ ಹತ್ತು ಕೇಸ್ ರಿಪೋರ್ಟ್‌ಗಳಲ್ಲಿ ಹತ್ತೂ ಮಂದಿ ಬದುಕಿದ್ದಾರೆಂದರೆ ಆ ಚಿಕಿತ್ಸೆ ಶೇ. 100ರಷ್ಟು ಯಶಸ್ವಿ ಎಂದು ತಿಳಿಯಬಾರದು.

ಉತ್ತರ 3: ತುರ್ತು ವಿಭಾಗದ ಸ್ಟಾಫ್ ನರ್ಸ್

ಪ್ರಯೋಗವೆಂದರೆ ಸಾವಿರಾರು ರೋಗಿಗಳು, ಹೊಸ ಔಷಧ, ದೊಡ್ಡ ಹಣ ಎಂದೇ ಕಿರಿಯ ವೈದ್ಯರು ಭಾವಿಸುತ್ತಾರೆ. ನಾವು ಪ್ರತಿನಿತ್ಯ ಬಳಸುವ ಒಂದು ವಿಧಾನವನ್ನು ಇಲ್ಲಿ ಹೇಳಬೇಕೆನಿಸಿತು. ಹೃದಯದ ಬಡಿತ ಒಮ್ಮೆಗೇ ಏರಿ ಎಸ್‌ವಿಟಿ (ಹೃದಯದ ಮೇಲ್ಭಾಗದಿಂದ ಹುಟ್ಟುವ ಅತಿವೇಗದ ಬಡಿತ) ಎಂದು ಗೊತ್ತಾದ, ರಕ್ತದೊತ್ತಡ ಸ್ಥಿರವಾಗಿರುವ ರೋಗಿಗೆ ಮೊದಲಿನಿಂದಲೂ ಉಸಿರು ಬಿಗಿಹಿಡಿದು ಮುಕ್ಕುವಂತೆ ಹೇಳುತ್ತಿದ್ದೆವು, ಅದು ಹೆಚ್ಚಿನವರಲ್ಲಿ ಫಲಿಸುತ್ತಿರಲಿಲ್ಲ. ಇಂಗ್ಲೆಂಡಿನ ಹತ್ತು ತುರ್ತು ವಿಭಾಗಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ರಿವರ್ಟ್ ಪ್ರಯೋಗದಲ್ಲಿ ಮಾಡಿದ ಬದಲಾವಣೆ ಇಷ್ಟೇ: ಅರೆಕುಳಿತ ಭಂಗಿಯಲ್ಲಿ 15 ಸೆಕೆಂಡು ಮುಕ್ಕಿಸಿದ ಕೂಡಲೇ ರೋಗಿಯನ್ನು ಚಪ್ಪಟೆಯಾಗಿ ಮಲಗಿಸಿ, ಕಾಲುಗಳನ್ನು 45 ಡಿಗ್ರಿಯಷ್ಟು ಮೇಲೆತ್ತಿ 15 ಸೆಕೆಂಡು ಹಿಡಿಯುವುದು. ಹಳೆಯ ವಿಧಾನದಲ್ಲಿ ಶೇ. 17 ಮಂದಿಯ ಬಡಿತ ಸರಿಹೋದರೆ, ಹೊಸ ವಿಧಾನದಲ್ಲಿ ಶೇ. 43 ಮಂದಿಯದು ಸರಿಹೋಯಿತು. ಇದಕ್ಕೆ ಔಷಧವಿಲ್ಲ, ಉಪಕರಣವಿಲ್ಲ. 10 ಮಿ.ಲೀ. ಸಿರಿಂಜನ್ನು ರೋಗಿಯ ಬಾಯಿಗೆ ಕೊಟ್ಟು ಒಳಗಿನ ದಂಡ ಅಲುಗಾಡುವಷ್ಟು ಊದಲು ಹೇಳುತ್ತೇವೆ. ಕಾಲು ಎತ್ತುವವರು ಮೊದಲೇ ಸಿದ್ಧರಾಗಿ ನಿಂತಿರಬೇಕು, ಏಕೆಂದರೆ ಮುಕ್ಕುವುದು ನಿಂತು ಕಾಲು ಮೇಲೇಳುವ ನಡುವೆ ತಡವಾದರೆ ಉಪಯೋಗವಿಲ್ಲ.

ಮೊದಲ ಉತ್ತರದಲ್ಲಿ ಮೇಡಂ ಸಮಯಸಹಿತ ಬರೆಯಿರಿ ಎಂದಿದ್ದಾರೆ. ಆ ಸಮಯ ಎಲ್ಲಿಂದ ಬರುತ್ತದೆಂಬುದನ್ನು ದಯವಿಟ್ಟು ಯೋಚಿಸಿ. ಯಾವ ಔಷಧ ಎಷ್ಟು ಗಂಟೆಗೆ ಹೋಯಿತು, ಆಗ ಬಿ.ಪಿ. ಎಷ್ಟಿತ್ತು ಎಂಬುದನ್ನು ಒಬ್ಬರು ಅದೇ ಕ್ಷಣದಲ್ಲಿ ಚಾರ್ಟಿನಲ್ಲಿ ಬರೆದಿದ್ದರೆ ಮಾತ್ರ ನಿಮ್ಮ ವರದಿಗೆ ಬೆಲೆ. ಪಾಳಿ ಮುಗಿದ ಮೇಲೆ ನೆನಪಿನಿಂದ ತುಂಬಿಸಿದ ಚಾರ್ಟು ಸಂಶೋಧನೆಗೆ ಆಧಾರವಾಗದು.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಎಲ್ಲರಿಗೂ ಕೃತಜ್ಞತೆಗಳು. ಫೀಸ್ಟ್ ಪ್ರಯೋಗದ ಮೊದಲ ಗಂಟೆಯ ವಿವರ ನನಗೆ ಹೊಸದು. ಆದರೂ ಸಂದೇಹ ಉಳಿದಿದೆ. ನಾರ್ವೆಯ ಪ್ರಕರಣವನ್ನು ಯಾವ ಪ್ರಯೋಗದಿಂದಲೂ ಪರೀಕ್ಷಿಸಲಾಗದು; ಹಾಗಿದ್ದೂ ಅದು ಚಿಕಿತ್ಸೆಯ ಕ್ರಮವನ್ನು ಪ್ರಭಾವಿಸಿದೆಯಲ್ಲವೇ?

ಉತ್ತರ 4: ತೀವ್ರ ನಿಗಾ ಘಟಕದ ಅರಿವಳಿಕೆ ತಜ್ಞ

ಪ್ರಭಾವಿಸಿದೆ, ಆದರೆ ಅದರಿಂದ ಏನನ್ನು ತೆಗೆದುಕೊಳ್ಳಬೇಕು ಎಂಬುದರಲ್ಲಿ ಬಹಳ ಎಚ್ಚರ ಬೇಕು. 1999ರ ಮೇ ತಿಂಗಳಲ್ಲಿ ಆನಾ ಬೋಗೆನ್‌ಹೋಮ್ ಎಂಬ 29 ವರ್ಷದ ವೈದ್ಯೆ ಸ್ಕೀಯಿಂಗ್ ಮಾಡುವಾಗ ಹೆಪ್ಪುಗಟ್ಟಿದ ಹೊಳೆಯ ಮಂಜುಗಡ್ಡೆಯ ಕೆಳಗೆ ಸಿಲುಕಿದರು. ಅಲ್ಲಿ ಸಿಕ್ಕ ಗಾಳಿಯ ಪೊಳ್ಳಿನಲ್ಲಿ ಸುಮಾರು 40 ನಿಮಿಷ ಉಸಿರಾಡುತ್ತಿದ್ದರು, ಆಮೇಲೆ ಚಲನೆ ನಿಂತಿತು. ನೀರಿನಿಂದ ಹೊರತೆಗೆಯುವಷ್ಟರಲ್ಲಿ ಒಟ್ಟು 80 ನಿಮಿಷ ಕಳೆದಿತ್ತು. ಸಿಪಿಆರ್ ನಿಲ್ಲಿಸದೆಯೇ ಹೆಲಿಕಾಪ್ಟರಿನಲ್ಲಿ ಟ್ರೋಮ್ಸೋ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಸಾಗಿಸಿ, ಹೃದಯ-ಶ್ವಾಸಕೋಶ ಯಂತ್ರದ ಮೂಲಕ ರಕ್ತವನ್ನು ಬಿಸಿ ಮಾಡಿದರು. ಚೇತರಿಕೆಗೆ ದೀರ್ಘಕಾಲ ಹಿಡಿಯಿತು, ಆದರೆ ಅವರು ವೈದ್ಯ ವೃತ್ತಿಗೆ ಮರಳಿದರು.

ಇಲ್ಲಿ ಕ್ರಮ ಮುಖ್ಯ. ಅವರ ದೇಹ ಮೊದಲು ತಣ್ಣಗಾಯಿತು, ಹೃದಯ ಆಮೇಲೆ ನಿಂತಿತು. ತಂಪಾದ ಮಿದುಳಿಗೆ ಬೇಕಾಗುವ ಆಮ್ಲಜನಕ ಬಹಳ ಕಡಿಮೆಯಾದ್ದರಿಂದ ರಕ್ತಸಂಚಾರ ನಿಂತರೂ ಅದು ತಾಳಿಕೊಂಡಿತು. ಹೀಗೆ ಚಳಿಯಿಂದಲೇ ಹೃದಯ ನಿಂತವರನ್ನು, ಬದುಕಲಾರದಷ್ಟು ಗಾಯ ಮೊದಲಾದ ಸ್ಪಷ್ಟ ಕಾರಣಗಳಿಲ್ಲದಿದ್ದರೆ, ದೇಹ ಬೆಚ್ಚಗಾಗುವ ಮೊದಲು ಸತ್ತರೆಂದು ಘೋಷಿಸಬಾರದು ಎಂಬ ಪಾಠವನ್ನು ಈ ಪ್ರಕರಣ ಬಲಪಡಿಸಿತು. ಅಷ್ಟರ ಮಟ್ಟಿಗೆ ಒಂದೇ ಪ್ರಕರಣ ಸಾಕು, ಏಕೆಂದರೆ ಅಸಾಧ್ಯವೆಂಬ ಮಾತನ್ನು ಸುಳ್ಳಾಗಿಸಲು ಒಂದು ಉದಾಹರಣೆ ಸಾಲುತ್ತದೆ.

ಬೆಚ್ಚಗಿರುವಾಗಲೇ ಹೃದಯ ನಿಂತು, ಬಡಿತ ಮರಳಿದ ನಂತರ ದೇಹವನ್ನು ತಣ್ಣಗಾಗಿಸುವುದು ಇದಕ್ಕಿಂತ ಪೂರ್ತಿ ಬೇರೆ ಪ್ರಶ್ನೆ. ಅದಕ್ಕೆ 2002ರ ಎರಡು ಪ್ರಯೋಗಗಳು ಅನುಕೂಲಕರವಾದ ಉತ್ತರ ಕೊಟ್ಟವು, ಆದರೆ ಅವೆರಡರಲ್ಲೂ ಸೇರಿ ರೋಗಿಗಳ ಸಂಖ್ಯೆ ನಾನೂರನ್ನೂ ಮುಟ್ಟಿರಲಿಲ್ಲ. ನನ್ನಂಥ ಅನೇಕರು ವರ್ಷಗಟ್ಟಲೆ 33 ಡಿಗ್ರಿಯ ಗುರಿಯಿಟ್ಟು ರೋಗಿಗಳನ್ನು ತಂಪು ಮಾಡಿದೆವು. 2013ರಲ್ಲಿ 33 ಡಿಗ್ರಿಗೂ 36 ಡಿಗ್ರಿಗೂ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಸುಮಾರು 1,900 ರೋಗಿಗಳ ಇನ್ನೊಂದು ಪ್ರಯೋಗ, 33 ಡಿಗ್ರಿಗೆ ತಂಪು ಮಾಡುವುದಕ್ಕೂ ಜ್ವರ ಬಾರದಂತೆ ನೋಡಿಕೊಳ್ಳುವುದಕ್ಕೂ ಹೋಲಿಕೆ ಮಾಡಿತು. ಆರು ತಿಂಗಳಲ್ಲಿ ಸತ್ತವರು ಮೊದಲ ಗುಂಪಿನಲ್ಲಿ ಶೇ. 50, ಎರಡನೆಯದರಲ್ಲಿ ಶೇ. 48. ಅಂದಿನಿಂದ ಜ್ವರ ತಡೆಯುವುದಕ್ಕೇ ಹೆಚ್ಚಿನ ಗಮನ ಕೊಡುತ್ತಿದ್ದೇವೆ.

ಎರಡನೆಯ ಉತ್ತರ ಬರೆದ ಸರ್ ಅವರ ಮಾತಿಗೆ ಒಂದೇ ತಿದ್ದುಪಡಿ ಸೂಚಿಸುತ್ತೇನೆ. ಪರಿಣಾಮ ಅತ್ಯಂತ ದೊಡ್ಡದಾಗಿ, ಪರ್ಯಾಯ ಸಾವೊಂದೇ ಆಗಿರುವಾಗ ಸಣ್ಣ ಸಂಖ್ಯೆಯೂ ಸಾಕಾಗಬಹುದು. ನಾಯಿಯ ಎದೆಯ ಮೇಲೆ ಡಿಫಿಬ್ರಿಲೇಟರಿನ ಭಾರವಾದ ಪ್ಯಾಡಲ್‌ಗಳನ್ನು ಒತ್ತಿದಾಗಲೇ ರಕ್ತದೊತ್ತಡ ತುಸು ಏರುವುದನ್ನು ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಗಮನಿಸಿದ್ದರಿಂದ ಎದೆ ಒತ್ತುವ ವಿಧಾನ ಹುಟ್ಟಿತು, ಮತ್ತು 1960ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದ ಲೇಖನದಲ್ಲಿದ್ದವರು 20 ರೋಗಿಗಳು ಮಾತ್ರ. ಅಂಥ ಪರಿಣಾಮಗಳು ವಿರಳ. ನಮ್ಮ ಹೆಚ್ಚಿನ ಚಿಕಿತ್ಸೆಗಳ ಲಾಭ ಟ್ರಾನೆಕ್ಸಾಮಿಕ್ ಆಸಿಡಿನಷ್ಟೇ ಸಣ್ಣದು.

ಉತ್ತರ 5: ಸಂಶೋಧನಾ ನೈತಿಕ ಸಮಿತಿಯ ಸದಸ್ಯೆ

ಸಮ್ಮತಿಯ ವಿಷಯವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಸೇರಿಸುತ್ತೇನೆ. ರೋಗಿಗೆ ಪ್ರಜ್ಞೆ ಇಲ್ಲ ಎಂಬ ಕಾರಣಕ್ಕೆ ಪ್ರಯೋಗ ಅಸಾಧ್ಯವಾಗುವುದಿಲ್ಲ. ಚಿಕಿತ್ಸೆಯನ್ನು ತಡಮಾಡುವಂತಿಲ್ಲದ ಸಂದರ್ಭದಲ್ಲಿ, ನೈತಿಕ ಸಮಿತಿಯ ಪೂರ್ವಾನುಮತಿಯೊಂದಿಗೆ ಪ್ರಯೋಗಕ್ಕೆ ಸೇರಿಸಿಕೊಂಡು, ಆನಂತರ ರೋಗಿಯಿಂದ ಅಥವಾ ಹತ್ತಿರದವರಿಂದ ಸಮ್ಮತಿ ಪಡೆಯುವ ಕ್ರಮಕ್ಕೆ ಅನೇಕ ದೇಶಗಳ ನಿಯಮಗಳಲ್ಲಿ ಅವಕಾಶವಿದೆ. ಫೀಸ್ಟ್ ಪ್ರಯೋಗದಲ್ಲಿಯೂ ತುರ್ತಿನ ಸಂದರ್ಭದಲ್ಲಿ ಪೋಷಕರಿಂದ ಮೊದಲು ಬಾಯಿಮಾತಿನ ಒಪ್ಪಿಗೆ ಪಡೆದು, ಮಗುವಿನ ಸ್ಥಿತಿ ಸ್ಥಿರವಾದ ಮೇಲೆ ವಿವರಿಸಿ ಲಿಖಿತ ಸಮ್ಮತಿ ಪಡೆಯುವ ವ್ಯವಸ್ಥೆ ಇತ್ತು. ಇದು ಭಾರವಾದ ಜವಾಬ್ದಾರಿ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಕುಳಿತು ಪ್ರಯೋಗದ ವಿಷಯ ಹೇಳುವುದು ಯಾರಿಗೂ ಸುಲಭವಲ್ಲ. ಆದರೆ ಯಾವ ಪರೀಕ್ಷೆಗೂ ಒಳಪಡದ ಚಿಕಿತ್ಸೆಯನ್ನು ಯಾರ ಅನುಮತಿಯನ್ನೂ ಕೇಳದೆ ಎಲ್ಲರಿಗೂ ಕೊಡುತ್ತಾ ಹೋಗುವುದು ಅದಕ್ಕಿಂತ ಹೆಚ್ಚು ನೈತಿಕವೆಂದು ನಾನು ಒಪ್ಪಲಾರೆ.

ನಿಮ್ಮ ಕೇಸ್ ರಿಪೋರ್ಟ್‌ಗೂ ಲಿಖಿತ ಸಮ್ಮತಿ ಅಗತ್ಯ, ಮತ್ತು ನಿಮ್ಮ ರೋಗಿಗೆ ಈಗ ಪೂರ್ಣ ಪ್ರಜ್ಞೆ ಇರುವುದರಿಂದ ಅದನ್ನು ಸಂಬಂಧಿಕರಿಂದಲ್ಲ, ಅವರಿಂದಲೇ ಪಡೆಯಬೇಕು. ಚಿಕಿತ್ಸೆಗೆ ಸೇರಿಸಿಕೊಳ್ಳುವಾಗ ಸಹಿ ಮಾಡಿಸಿದ ಸಾಮಾನ್ಯ ಒಪ್ಪಿಗೆ ಪತ್ರ ಇದಕ್ಕೆ ಸಾಲದು. ಉಗುರಿನ ಅಥವಾ ತುಟಿಯ ಛಾಯಾಚಿತ್ರ ಹಾಕುವುದಾದರೆ ಆ ಚಿತ್ರವನ್ನು ತೋರಿಸಿ, ಅದು ಅಂತರ್ಜಾಲದಲ್ಲಿ ಶಾಶ್ವತವಾಗಿ ಉಳಿಯಬಹುದೆಂದು ತಿಳಿಸಿ ಸಹಿ ಪಡೆಯಿರಿ; ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಗುರುತು ಮರೆಯಾಗುತ್ತದೆಂದು ಭಾವಿಸಬೇಡಿ. ಬರೆಯುವಾಗ 2013ರಲ್ಲಿ ಪ್ರಕಟವಾದ ಕೇರ್ ಮಾರ್ಗಸೂಚಿಯನ್ನು ಅನುಸರಿಸಿ. ಅದರಲ್ಲಿ ಘಟನೆಗಳ ಕಾಲಾನುಕ್ರಮಕ್ಕೂ ರೋಗಿಯ ಸ್ವಂತ ದೃಷ್ಟಿಕೋನಕ್ಕೂ ಪ್ರತ್ಯೇಕ ಜಾಗವಿದೆ. ಆ ಯುವಕ ಡ್ಯಾಪ್ಸೋನ್ ಮಾತ್ರೆಯ ವಿಷಯವನ್ನು ಮೊದಲೇ ಏಕೆ ಹೇಳಲಿಲ್ಲ, ಅಥವಾ ಯಾರೂ ಕೇಳಲೇ ಇಲ್ಲವೇ ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಲಿಖಿತ ಸಮ್ಮತಿ ಸಿಗುವವರೆಗೆ ಇಲ್ಲಿಯೂ ಅವರ ಬಗ್ಗೆ ಈಗಾಗಲೇ ಬರೆದಿರುವುದಕ್ಕಿಂತ ಹೆಚ್ಚಿನ ವಿವರ ಕೊಡಬೇಡಿ.